ಮೀನಿಗಾಗಿ ಬೆಲ್ ಒತ್ತಿದ ಕತೆ

ಪ್ರೀತಿಯ ಸೀನ,

ಮೊನ್ನೆ ಫೋನಿನಲ್ಲಿ ನೀನು ರೇಗಿದ್ದು ಇನ್ನೂ ಕಿವಿಯಲ್ಲಿದೆ. "ಇಂಟರ್ನೆಟ್ ಕುಲಗೆಟ್ಟು ಹೋಯ್ತು ಕಣೋ. ಒಂದೇ ಹಾಡಿಗೆ ಊರೆಲ್ಲ ಕುಣೀತದೆ. ನೋಡೋಕೆ ಏನೂ ಉಳಿದಿಲ್ಲ" ಅಂದೆ. ನಾನು ಹೂಂಗುಟ್ಟಿದೆ. ನಿಜ ಹೇಳಲಾ? ಒಂದು ಕಿವಿ ಮಾತ್ರ ನಿನ್ನ ಕಡೆ ಇತ್ತು. ಎರಡೂ ಕಣ್ಣು ಕಂಪ್ಯೂಟರಿನ ಮೇಲಿದ್ದವು. ಅದರ ತುಂಬಾ ಹಸಿರು ಬಣ್ಣದ ರಾಡಿ ನೀರು. ಕಾಲು ಗಂಟೆಯಿಂದ ಅದನ್ನೇ ನೋಡುತ್ತಾ ಕೂತಿದ್ದೆ. ಹೇಳಿದರೆ ನಗುತ್ತೀಯ ಅಂತ ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ, ನಗುವುದಾದರೆ ಅಲ್ಲೇ ನಕ್ಕು ಮುಗಿಸು.

ಅದು ನೆದರ್ಲೆಂಡ್ಸಿನ ಉಟ್ರೆಕ್ಟ್ ಊರಿನ ನೀರು. ಊರ ಮಧ್ಯದ ಕಾಲುವೆಗೆ ವೇರ್ಡ್‌ಸ್ಲಾಯ್ಸ್ ಅಂತ ಒಂದು ಲಾಕ್ ಗೇಟ್ ಇದೆ. ದೋಣಿ ಬಂದಾಗ ತೆಗೆದು ಮುಚ್ಚುವ ದೊಡ್ಡ ಬಾಗಿಲು ಅಂತಿಟ್ಟುಕೋ. ಚಳಿ ಮುಗಿಯುತ್ತಿದ್ದಂತೆ ಮೀನುಗಳು ಮೊಟ್ಟೆ ಇಡಲು ಆಳ ಕಡಿಮೆ ಇರುವ ನೀರು ಹುಡುಕಿಕೊಂಡು ಈ ದಾರಿಯಲ್ಲಿ ಹೊರಡುತ್ತವೆ. ಆದರೆ ಆ ಹೊತ್ತಿನಲ್ಲಿ ದೋಣಿಗಳೇ ಕಡಿಮೆ, ಹಾಗಾಗಿ ಬಾಗಿಲು ಮುಚ್ಚಿಯೇ ಇರುತ್ತದೆ. ಮೀನುಗಳು ಬಾಗಿಲಲ್ಲೇ ಗುಂಪುಗಟ್ಟಿ ಕಾಯುತ್ತವೆ. ಕಾಯುವವರನ್ನು ಹಕ್ಕಿಗಳು ಬಂದು ಎತ್ತಿಕೊಂಡು ಹೋಗುತ್ತವೆ.

ಇದಕ್ಕೆ ಅವರು 2021ರಲ್ಲಿ ಮಾಡಿದ ಉಪಾಯ ಕೇಳು. ನೀರಿನೊಳಗೆ ಒಂದು ಕ್ಯಾಮೆರಾ ಇಟ್ಟರು. ಅದರ ಚಿತ್ರವನ್ನು ಇಂಟರ್ನೆಟ್ಟಿಗೆ ಬಿಟ್ಟು, ಪಕ್ಕದಲ್ಲಿ ಒಂದು ಗುಂಡಿ ಕೊಟ್ಟರು. ಮೀನು ಕಂಡರೆ ನೀನು ಒತ್ತಬೇಕು. ಒತ್ತಿದರೆ ಆ ಕ್ಷಣದ ಫೋಟೋ ಅವರಿಗೆ ಹೋಗುತ್ತದೆ. ಸಾಕಷ್ಟು ಮೀನು ಸೇರಿವೆ ಅನ್ನಿಸಿದರೆ ಬಾಗಿಲು ಕಾಯುವವನಿಗೆ ಹೇಳಿ ತೆಗೆಸುತ್ತಾರೆ. ಹೆಸರೇ 'ವಿಸ್‌ಡ್ಯೂರ್‌ಬೆಲ್', ಅಂದರೆ ಮೀನಿನ ಕಾಲಿಂಗ್ ಬೆಲ್. ಊರಿನವರು ನಾಲ್ಕು ಜನ ನೋಡಿಯಾರು ಅಂದುಕೊಂಡರೆ, ಪ್ರಪಂಚದ ಮೂಲೆ ಮೂಲೆಯಿಂದ ಲಕ್ಷಗಟ್ಟಲೆ ಜನ ಬಂದು ಕೂತರು. ಅವರಲ್ಲಿ ಈಗ ನಾನೂ ಒಬ್ಬ.

ನೋಡಲು ಏನಿದೆ ಅಂತ ಕೇಳಬೇಡ. ಏನೂ ಇಲ್ಲ. ಒಂದು ಎಲೆ ತೇಲಿ ಹೋಗುತ್ತದೆ. ಗುಳ್ಳೆ ಏಳುತ್ತದೆ. ನಾನು ಮೊದಲ ಸಲ ಬೆಲ್ ಒತ್ತಿದ್ದೇ ಒಂದು ಎಲೆಗೆ! ಎರಡು ದಿನ ಬಿಟ್ಟು ಬೆಳಗ್ಗೆ ಒಂಬತ್ತೂವರೆಗೆ, ಅವರಿಗಿನ್ನೂ ಆರು ಗಂಟೆ, ಮೈಮೇಲೆ ಅಡ್ಡಗೆರೆ ಇರುವ ಒಂದು ಮೀನು ಕ್ಯಾಮೆರಾಕ್ಕೆ ಮೂತಿ ತಾಗಿಸುವಷ್ಟು ಹತ್ತಿರ ಬಂದು ನಿಂತಿತು. ಬಾಯಿ ತೆರೆಯಿತು, ಮುಚ್ಚಿತು. ನನ್ನ ಬೆರಳು ನಡುಗಿತು ಮಾರಾಯ. ಒತ್ತಿದೆ. ಆಫೀಸಿನ ಮೀಟಿಂಗಿಗೆ ಹತ್ತು ನಿಮಿಷ ತಡ ಆಯಿತು. ಕಾರಣ ಯಾರಿಗೂ ಹೇಳಲಿಲ್ಲ.

ನಿನಗೆ ನಮ್ಮೂರಿನ 'ಹತ್ತುಮೀನು' ನೆನಪಾಗಲಿಲ್ವಾ? ಮುಂಗಾರಿನ ಮೊದಲ ಜಡಿಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆ ಇಡಲು ಹತ್ತಿ ಬರುತ್ತಿದ್ದವಲ್ಲ, ಅವೇ. ನಿಮ್ಮಪ್ಪ ಟಾರ್ಚ್ ಹಿಡಿದು, ನಾವಿಬ್ಬರೂ ಕತ್ತಿ ಹಿಡಿದು ರಾತ್ರಿಯೆಲ್ಲ ಬದುವಿನ ಮೇಲೆ ಕೂರುತ್ತಿದ್ದೆವು. ಅದೇ ಮೀನಿನ ಬುದ್ಧಿ, ಅದೇ ಮೊಟ್ಟೆಯ ಅವಸರ. ಅಲ್ಲಿ ಬಾಗಿಲು ತೆಗೆಯಲು ಕಾಯುತ್ತಾರೆ, ನಾವು ಸಾರಿಗೆ ಕಾಯುತ್ತಿದ್ದೆವು. ಒಂದು ಸಲವೂ ಪಾಪ ಅನ್ನಿಸಿರಲಿಲ್ಲ, ಅಲ್ವಾ?

ಈ ಹುಚ್ಚು ಹೊಸದಲ್ಲ. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನವರು ಒಂದು ಕ್ಯಾಮೆರಾವನ್ನು ಕಾಫಿ ಪಾತ್ರೆಯ ಕಡೆ ತಿರುಗಿಸಿ ಇಟ್ಟಿದ್ದರು. ಬೇರೆ ಮಹಡಿಯವರು ಮೆಟ್ಟಿಲು ಹತ್ತಿಳಿದು ಬಂದರೆ ಪಾತ್ರೆ ಖಾಲಿ! ಆ ಹೊಟ್ಟೆಯುರಿಗೆ ಮಾಡಿದ್ದು. ಕಪ್ಪು ಬಿಳುಪಿನ ಪುಟ್ಟ ಚಿತ್ರ, ನಿಮಿಷಕ್ಕೆ ಮೂರು ಸಲ ಬದಲಾಗುತ್ತಿತ್ತು. ಪಾತ್ರೆ ತುಂಬುವುದೇ ನಿಧಾನಕ್ಕೆ, ಅಷ್ಟು ಸಾಕಿತ್ತು. 1993ರಲ್ಲಿ ಅದನ್ನು ವೆಬ್‌ಗೆ ಹಾಕಿದ್ದೇ ತಡ, ಆ ಕಾಫಿಯ ಒಂದು ಗುಟುಕೂ ಸಿಗದವರೆಲ್ಲ ಇಣುಕತೊಡಗಿದರು. ರಾತ್ರಿ ಹೊತ್ತು ಪಾತ್ರೆ ಕಾಣಿಸುವುದಿಲ್ಲ, ಅಲ್ಲೊಂದು ದೀಪ ಹಚ್ಚಿಡಿ ಅಂತ ಜಪಾನಿನಿಂದ ಮೇಲ್ ಬಂತಂತೆ. ಯೋಚನೆ ಮಾಡು. ಯಾರದೋ ಮನೆಯ ಕಾಫಿ ಪಾತ್ರೆ ಕಾಣಲಿಲ್ಲ ಅಂತ ಇನ್ನೊಂದು ಖಂಡದವನಿಗೆ ಕಳವಳ. 2001ರ ಆಗಸ್ಟ್‌ನಲ್ಲಿ ಲ್ಯಾಬ್ ಬೇರೆ ಕಟ್ಟಡಕ್ಕೆ ಹೋಗುವಾಗ ಕ್ಯಾಮೆರಾ ನಿಲ್ಲಿಸಿದರು. ಆ ಕಾಫಿ ಮಷಿನ್ನನ್ನು ಹರಾಜಿಗಿಟ್ಟಾಗ ಜರ್ಮನಿಯ ಒಂದು ಪತ್ರಿಕೆಯ ವೆಬ್ ವಿಭಾಗದವರು 3,350 ಪೌಂಡ್ ಕೊಟ್ಟು ಕೊಂಡರು.

ನಾವು ಇದನ್ನು ಊರಿನಲ್ಲಿ ಏನನ್ನುತ್ತೇವೆ? ಪಕ್ಕದ ಮನೆಯ ಒಲೆಯ ಮೇಲೇನಿದೆ ಅಂತ ಇಣುಕುವ ಚಪಲ. ನೀನು ಬೈಯುವ ರೀಲ್ಸ್ ಕೂಡ ಅದೇ ಚಪಲದ ಮೇಲೆ ನಿಂತಿದೆ. ಆದರೆ ಅಲ್ಲಿ ನಾನು ಇಣುಕಲಿ ಅಂತಲೇ ಕಿಟಕಿ ಅಲಂಕರಿಸಿ ಇಟ್ಟಿರುತ್ತಾರೆ. ಕಾಫಿ ಪಾತ್ರೆಗೂ ಮೀನಿಗೂ ನಾನು ನೋಡುತ್ತಿದ್ದೇನೆ ಅನ್ನುವುದೇ ಗೊತ್ತಿಲ್ಲ. ನನಗೆ ಅದೇ ಇಷ್ಟ. ಪಾತ್ರೆಯನ್ನೋ ಮೀನನ್ನೋ ಇಣುಕಿದವನು ಸುಮ್ನೆ ಹೋಗುವುದಿಲ್ಲ ನೋಡು. ದೀಪ ಹಚ್ಚಿ ಅನ್ನುತ್ತಾನೆ, ಬೆಲ್ ಒತ್ತುತ್ತಾನೆ. ನೆಂಟನ ಹಾಗೆ ತಲೆ ಹಾಕುತ್ತಾನೆ.

ಕಾಫಿ ಅಂದಾಗ ಇನ್ನೊಂದು ನೆನಪಾಯಿತು. 1998ರ ಏಪ್ರಿಲ್ 1ರಂದು, ತಾರೀಕು ಗಮನಿಸು, ಇಂಟರ್ನೆಟ್ಟಿನ ನಿಯಮ ಬರೆಯುವವರ ಕಡೆಯಿಂದ ಒಂದು ಗಂಭೀರವಾದ ದಾಖಲೆ ಬಂತು. ನೆಟ್ವರ್ಕ್ ಮೂಲಕ ಕಾಫಿ ಮಷಿನ್ನಿಗೆ ಹೇಗೆ ಆಜ್ಞೆ ಕೊಡಬೇಕು ಅಂತ. ಹಾಲು ಹಾಕುತ್ತಿರುವಾಗ 'ಸಾಕು' ಅನ್ನಲಿಕ್ಕೂ ಅದರಲ್ಲಿ ಒಂದು ಆಜ್ಞೆ ಇದೆ. ಪುಟ ಸಿಗದಿದ್ದರೆ 404 ಬರುತ್ತದಲ್ಲ, ಹಾಗೆ ಟೀ ಕುಡಿಕೆಗೆ ಕಾಫಿ ಮಾಡು ಅಂದರೆ ಅದು 418 ಅನ್ನಬೇಕು: 'ನಾನು ಟೀ ಕುಡಿಕೆ'. 2017ರಲ್ಲಿ ಈ ತಮಾಷೆಯನ್ನು ಸಾಫ್ಟ್‌ವೇರ್‌ಗಳಿಂದ ತೆಗೆಯೋಣ ಅನ್ನುವ ಮಾತು ಬಂದಾಗ ಪ್ರೋಗ್ರಾಮರುಗಳು ಗಲಾಟೆ ಎಬ್ಬಿಸಿ ಉಳಿಸಿಕೊಂಡರು. ಬೇಕಾದರೆ ಗೂಗಲ್ ವಿಳಾಸದ ಮುಂದೆ ಓರೆಗೆರೆ (/) ಎಳೆದು ಇಂಗ್ಲಿಷಿನಲ್ಲಿ 'ಟೀಪಾಟ್' ಅಂತ ಹೊಡೆದು ನೋಡು, ಕುಡಿಕೆ ಕೂತಿದೆ. ನನ್ನ ತಕರಾರು ಒಂದೇ. ಅಷ್ಟೆಲ್ಲ ಬರೆದ ಪುಣ್ಯಾತ್ಮರು ಬೈ ಟು ಕಾಫಿಗೆ ಜಾಗವನ್ನೇ ಇಟ್ಟಿಲ್ಲ.

ಅಮ್ಮ ಈಗ ಇಲ್ಲೇ ಇದ್ದಾರೆ, ಮೊಣಕಾಲು ನೋವು ಸ್ವಲ್ಪ ವಾಸಿ. ಮೊದಲ ದಿನ ನನ್ನ ಹಿಂದೆ ನಿಂತು, "ಕಂಪ್ಯೂಟರ್ ಕೆಟ್ಟೋಗಿದ್ಯೇನೋ?" ಅಂದರು. ವಿಷಯ ಹೇಳಿದ ಮೇಲೆ ಕುರ್ಚಿ ಎಳೆದುಕೊಂಡು ಕೂತರು. ಈಗ ಬೆಳಗ್ಗೆ ಕಾಫಿ ಲೋಟ ಹಿಡಿದು ಅವರೇ ಶುರು ಮಾಡುತ್ತಾರೆ: "ಬಾಗ್ಲು ತೆಗುದ್ರಾ?" ನಿನ್ನೆ ದಪ್ಪನೆಯದೊಂದು ಬಂದಿತ್ತು. ಬೆಲ್ ಒತ್ತಿದ್ದು ಅಮ್ಮನೇ. ಒತ್ತಿದವರು ಅದು ಮರೆಯಾಗುವವರೆಗೂ ಕಣ್ಣು ಕೀಳದೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಇದ್ರಲ್ಲಿ ಮುಳ್ಳು ಜಾಸ್ತಿ ಇರ್ತದೇನೋ?"

ಇಂತಿ ನಿನ್ನ,
ಗೋಪಿ