ಚೌಕು ಮಡಿ ಹಾಕದೆ ಬಿಟ್ಟ ಪಟ್ಟಿಗೆ ಶರಣು

ರೋಣ, ನರಗುಂದ, ನವಲಗುಂದ ಭಾಗದ ಎರೆ (ಕಪ್ಪು ಮಣ್ಣಿನ) ಹೊಲಗಳಲ್ಲಿ ಮೂರು ಹಿಂಗಾರಿ ನಡೆದ ಮಣ್ಣಿನ ಹಸಿಯ ಅಳತೆ ಈ ಸಲದ ಕಡಲೆ ರಾಶಿಯೊಂದಿಗೆ ಮುಗಿಯಿತು. ಹೊಲ ಕೊಟ್ಟವರಿಗೆ, ಮಳೆ ಬರೆದಿಟ್ಟವರಿಗೆ, ಮಣ್ಣು ತೂಗಿದವರಿಗೆ ನಮ್ಮ ತಂಡದ ಶರಣಾರ್ಥಿ.

ಚೌಕು ಮಡಿ ಎಂದರೆ ಮಳೆನೀರು ನಿಲ್ಲಲು ಹೊಲದಲ್ಲಿ ಸುತ್ತ ಒಡ್ಡು ಕಟ್ಟಿ ಮಾಡಿದ ಚೌಕ. ಎಲ್ಲಕ್ಕಿಂತ ದೊಡ್ಡ ಋಣ, ಹೊಲದ ಒಂದು ಪಟ್ಟಿಗೆ ಮಡಿ ಹಾಕದೆ ಬಿಟ್ಟುಕೊಟ್ಟ ಹಿರಿಯರದು. ಮಡಿ ಇದ್ದರೆ ನೀರು ನಿಲ್ಲುತ್ತದೆ ಎಂದು ಗೊತ್ತಿದ್ದೂ ಮೂರು ವರ್ಷ ಬರಿದೇ ಬಿಡುವುದು ಸಣ್ಣ ಮಾತಲ್ಲ. ಆ ಪಟ್ಟಿ ಇಲ್ಲದಿದ್ದರೆ, ಬೆಳೆ ಬಂದದ್ದು ಮಡಿಯಿಂದಲೋ ಆ ವರ್ಷದ ಮಳೆಯಿಂದಲೋ ಹೇಳಲು ಬರುತ್ತಿರಲಿಲ್ಲ. ಮಡಿ ಹಾಕಿದ ಪಟ್ಟಿ, ಬರಿ ಪಟ್ಟಿ ಎರಡಕ್ಕೂ ಒಂದೇ ಬೀಜ, ಒಂದೇ ದಿನದ ಬಿತ್ತಿಗೆ, ಒಂದೇ ಆಳದ ಮಣ್ಣು ಬೇಕಿತ್ತು. ಬರಿ ಪಟ್ಟಿ ಕೆಳಗಿದ್ದರೆ ಮಡಿ ತುಂಬಿ ಹರಿದ ನೀರು ಅಲ್ಲಿಗೇ ಇಳಿದು ಅಳತೆ ಕೆಡುತ್ತದೆ. ಅದಕ್ಕೇ ಎರಡನ್ನೂ ಅಕ್ಕಪಕ್ಕ ಇಟ್ಟದ್ದು.

ಮಡಿ ಕಟ್ಟಿದ ಕೈಗಳಿಗೂ ವಂದನೆ. ಬೇಸಿಗೆಯಲ್ಲಿ ಬಿರಿದ ಎರೆ ಮೊದಲ ಮಳೆಯನ್ನು ಬಿರುಕಿನಲ್ಲೇ ಕುಡಿಯುತ್ತದೆ. ಜೇಡಿ ಉಬ್ಬಿ ಬಿರುಕು ಮುಚ್ಚಿತೆಂದರೆ ನೀರು ಇಳಿಯುವುದು ತೀರ ನಿಧಾನ, ಉಳಿದದ್ದು ಮೇಲ್ಮಣ್ಣನ್ನೂ ಕರೆದುಕೊಂಡು ಹಳ್ಳಕ್ಕೆ. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್. ಅಷ್ಟನ್ನು ನಿಲ್ಲಿಸಲು ಜೂನ್–ಜುಲೈನಲ್ಲಿ ಹರಗಿದ ಖಾಲಿ ಹೊಲಕ್ಕೆ ಗೇಣೆತ್ತರದ ಒಡ್ಡು: ಇಳಿಜಾರು ಶೇ. 1ರಷ್ಟಿದ್ದರೆ 4.5 ಮೀಟರ್ ಚೌಕ, 2–3ರಷ್ಟಿದ್ದರೆ 3 ಮೀಟರ್. ಒಡೆಯುವುದು ಹೆಚ್ಚಾಗಿ ಮೂಲೆಯಲ್ಲಿ. ಮೇಲಿನ ಒಂದು ಮಡಿ ಹೋದರೆ ಕೆಳಗಿನವೂ ಸಾಲಾಗಿ ಹೋಗುತ್ತವೆ. ದೊಡ್ಡ ಮಳೆ ನಿಂತ ಕೂಡಲೇ ಸಲಿಕೆ ಹಿಡಿದು ಮೂಲೆ ಸರಿ ಮಾಡಿದವರಿಂದಲೇ ಅವು ಬಿತ್ತುವ ತನಕ ಉಳಿದವು.

ಬೆಳಿಗ್ಗೆ 8.30ಕ್ಕೆ ಮಳೆಮಾಪಕ ನೋಡಿದ ಅಕ್ಕಂದಿರೇ, ನಿಮ್ಮ ವಹಿಯಲ್ಲಿ ಮಳೆ ಬಾರದ ದಿನಕ್ಕೆ 0, ನೋಡಲಾಗದ ದಿನಕ್ಕೆ ಗೆರೆ. ಎರಡೂ ಬೇರೆ ಎಂದು ತಪ್ಪದೆ ಬರೆದಿರಿ. ಖಾಲಿ ಬಿಟ್ಟ ಮನೆಯನ್ನು ಆಮೇಲೆ ಯಾರೋ 0 ಎಂದು ಓದಿಕೊಂಡರೆ ತಿಂಗಳ ಮೊತ್ತವೇ ಸುಳ್ಳಾಗುತ್ತದೆ.

ಮಣ್ಣು ತೆಗೆದ ಹುಡುಗರ ಕೆಲಸ ಇನ್ನೂ ನಾಜೂಕು. 0–15, 15–30, 30–60, 60–90 ಸೆಂಟಿಮೀಟರ್, ನಾಲ್ಕೂ ಆಳದ್ದು ಬೇರೆ ಬೇರೆ ಡಬ್ಬಿಗೆ. ಬಿರುಕಿನ ಪಕ್ಕ ತೆಗೆದರೆ ಮಣ್ಣು ಒಣಗಿಯೇ ಬರುತ್ತದೆ, ಯಾಕೆಂದರೆ ಬಿರುಕು ಆಳದ ಹಸಿಯನ್ನೂ ಗಾಳಿಗೆ ತೆರೆದಿರುತ್ತದೆ. ಮಣ್ಣು ಕೊರೆದು ತೆಗೆಯುವ ಆಗರ್ ಎತ್ತುವಾಗ ಮೇಲಿನ ಮಣ್ಣು ಗುಂಡಿಗೆ ಉದುರಿದರೆ ಕೆಳಗಿನ ಅಳತೆಗೂ ಬೆಲೆಯಿಲ್ಲ. ಮುಚ್ಚಳ ಅದಲುಬದಲಾದರೆ ಡಬ್ಬಿಯ ತೂಕವೇ ತಪ್ಪುತ್ತದೆ. ಎರಡರ ಮೇಲೂ ಒಂದೇ ನಂಬರ್ ಬರೆಸಿದ್ದು ಅದಕ್ಕೆ. ಅದೇ ದಿನ ತೂಗಿ, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಬೇಕು. 125 ಗ್ರಾಂ ಹಸಿಮಣ್ಣು 100 ಗ್ರಾಂಗೆ ಇಳಿದರೆ ಹಸಿ ಶೇ. 25. ಭಾಗಿಸಬೇಕಾದದ್ದು ಒಣ ತೂಕದಿಂದ. ಹಸಿ ತೂಕದಿಂದ ಭಾಗಿಸಿದರೆ ಶೇ. 20 ಎಂದು ಬಂದು, ಇದ್ದ ನೀರು ಲೆಕ್ಕದಲ್ಲಿ ಕಡಿಮೆಯಾಗುತ್ತದೆ.

ಎತ್ತು, ಕುಂಟೆ ಕೊಟ್ಟವರಿಗೆ, ಬುತ್ತಿಯ ಜೊತೆ ನಮಗೂ ರೊಟ್ಟಿ ಕಟ್ಟಿದ ತಾಯಂದಿರಿಗೆ ಕೈಮುಗಿಯುತ್ತೇವೆ.

ಯುಗಾದಿಯೊಳಗೆ ಲೆಕ್ಕದ ಪ್ರತಿ ಒಬ್ಬೊಬ್ಬರ ಮನೆಗೂ ಬರುತ್ತದೆ. ಮಡಿಯಿಂದ ಉಪಯೋಗ ಕಾಣದ ಹೊಲ ಇದ್ದರೆ ಅದರ ಲೆಕ್ಕವೂ ಅದರಲ್ಲಿರುತ್ತದೆ. ಬರಿ ಪಟ್ಟಿ ಇನ್ನು ನಿಮ್ಮದು. ಗೂಟ ಕಿತ್ತು, ಮುಂಗಾರಿನ ಮೊದಲ ಹದಕ್ಕೆ ಹರಗಿ, ಅಲ್ಲೂ ಮಡಿ ಹಾಕಿರಿ.