ಮರ ಕಡಿಸೋ ಮುಂಚೆ ಒಂದ್ಸಲ ತೋಟಕ್ಕೆ ಬಾ ಮಾರಾಯ

ಲೋ ಮಂಜ,

ನಿನ್ನ ವಾಯ್ಸ್ ಮೆಸೇಜ್ ಎರಡ್ ಸಲ ಕೇಳ್ದೆ. ಟಿಂಬರ್‌ನೋನು ಒಳ್ಳೆ ರೇಟ್ ಹೇಳಿದಾನೆ, ಕಾಫಿ ತೋಟದಲ್ಲಿ ಹಳ್ಳದ ಮೇಲಿರೋ ಕಾಡುಮರ ಎಲ್ಲಾ ತೆಗೆಸಿ ನೆರಳಿಗೆ ಸಿಲ್ವರ್ ಓಕ್ ಹಾಕ್ತೀನಿ ಅಂತೀಯ. ದುಡ್ಡಿನ ತಾಪತ್ರಯ ನಂಗೂ ಗೊತ್ತು ಕಣೋ. ಆದ್ರೆ ಇದೇ ಕೆಲಸ ಹತ್ತು ವರ್ಷದ ಹಿಂದೆ ನಾನ್ ಮಾಡಿ ಕೂತಿದೀನಿ, ಅದಕ್ಕೇ ಬರೀತಿದೀನಿ, ಇನ್ನೂ ನಾಲ್ಕು ಜನ ಸಕಲೇಶಪುರದೋರು ಓದ್ಲಿ ಅಂತ ಇಲ್ಲೇ ಹಾಕ್ತಿದೀನಿ, ಬೈಬೇಡ.

ನಮ್ಮ ಇಳಿಜಾರಲ್ಲಿ ಅತ್ತಿ, ನಂದಿ, ಹಲಸು ಇದ್ವಲ್ಲ, ಅವನ್ನ ತೆಗೆಸಿದ ಮೇಲೆ ಎರಡು ವರ್ಷ ಕಾಫಿ ಚೆನ್ನಾಗೇ ಬಂತು, ಸುಳ್ಳು ಹೇಳಲ್ಲ. ಆಮೇಲೆ ಶುರುವಾಯ್ತು ನೋಡು ಕಾಂಡ ಕೊರೆಯೋ ಬೋರರ್ ಹುಳದ ಕಾಟ, ಅದಕ್ಕೆ ಬಿಸಿಲು ಬಿದ್ದ ಕಾಂಡನೇ ಬೇಕು ಮೊಟ್ಟೆ ಇಡೋಕೆ, ಅರೇಬಿಕಾ ಗಿಡ ಕಿತ್ತು ಸುಡೋದೇ ಕೆಲಸ ಆಗೋಯ್ತು. ಸಿಲ್ವರ್ ಎಲೆ ಬೇಗ ಕೊಳೆಯಲ್ಲ, ಅತ್ತಿ ಎಲೆ ಥರ ಗೊಬ್ಬರ ಆಗಲ್ಲ. ಮೇ ತಿಂಗಳಲ್ಲೂ ಸಣ್ಣಗೆ ಹರೀತಿದ್ದ ಹಳ್ಳ ಈಗ ಮಾರ್ಚ್‌ಗೇ ನಿಲ್ಲುತ್ತೆ. ಇಂಥ ಹಳ್ಳಗಳೇ ಅಲ್ವಾ ಕೂಡಿ ಹೇಮಾವತಿ ಆಗಿ ಗೊರೂರು ಡ್ಯಾಮಿಗೆ ಹೋಗೋದು.

ಹಂಗಂತ ಮರ ಮುಟ್ಟಲೇಬೇಡ ಅಂತಲ್ಲ. ನಿಮ್ಮಪ್ಪ ಮಳೆಗೆ ಮುಂಚೆ ಮರಗಸಿ (ನೆರಳಿನ ಮರದ ಕೊಂಬೆ ಸವರೋದು) ತಪ್ಪಿಸ್ತಿರ್ಲಿಲ್ಲ, ನೀನ್ ಬೆಂಗಳೂರು ಸೇರಿದ ಮೇಲೆ ಯಾರೂ ಕೊಂಬೆ ಇಳಿಸಿಲ್ಲ, ಈಗ ಒಳಗೆ ಹೋದ್ರೆ ಮಟಮಟ ಮಧ್ಯಾಹ್ನನೂ ಕತ್ತಲೆ, ಲಂಟಾನ ಕಳೆ ಬೇರೆ. ನೆರಳು ಅತಿಯಾದ್ರೆ ಮಳೆಗಾಲದಲ್ಲಿ ಕೊಳೆರೋಗ, ಕಮ್ಮಿಯಾದ್ರೆ ಬೋರರ್, ಮಧ್ಯದಲ್ಲಿ ಹಿಡಿಯೋದೇ ತೋಟಗಾರಿಕೆ. ಒತ್ತೊತ್ತಾಗಿರೋ, ಸೊರಗಿರೋ ಮರ ತೆಗಿ, ಸಂದಿಗೆ ಹಲಸು ನೇರಳೆ ಸಸಿ ಇಡು, ಉಳಿದ ಮರಕ್ಕೆಲ್ಲ ಕಾಳುಮೆಣಸು ಹಬ್ಬಿಸು. ಮರ ಒಂದ್ಸಲ ಮಾರಿದ್ರೆ ಮುಗೀತು, ಮೆಣಸು ವರ್ಷಾ ವರ್ಷಾ ಕುಯ್ಯಬಹುದು.

ಇನ್ನೊಂದು, ಸಿಲ್ವರ್ ಕಡಿದಂಗೆ ಕಾಡುಮರ ಕಡಿಯೋಕಾಗಲ್ಲ, 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆ ಪರ್ಮಿಷನ್ ಬೇಕು. ಟಿಂಬರ್‌ನೋನು 'ನಾನ್ ನೋಡ್ಕೋತೀನಿ' ಅಂತಾನೆ, ಅರ್ಜಿಗೆ ಸೈನ್ ಹಾಕೋನು ನೀನೇ.

ಮೇ ಮೊದಲ ವಾರ ನಮ್ಮಲ್ಲಿ ಮರ ಹತ್ತೋರು ಬರ್ತಾರೆ (ಈಗ ಅವ್ರು ಸಿಗೋದೇ ಕಷ್ಟ, ಕೂಲಿ ಕೇಳಿದ್ರೆ ನೀನೇ ಕೆಲಸ ಬಿಟ್ಟು ಮರ ಹತ್ತೀಯ). ಎರಡು ದಿನ ನಿಮ್ಮ ತೋಟಕ್ಕೂ ಕಳಿಸ್ತೀನಿ. ನೀನ್ ಬಾ, ಸುಣ್ಣದ ಡಬ್ಬಿ ಹಿಡ್ಕೊಂಡು ಇಬ್ರೂ ತಿರುಗಿ ಯಾವ್ದು ತೆಗಿಬೇಕೋ ಅದಕ್ಕೆ ಗುರುತು ಹಾಕೋಣ. ಮಂಗಟ್ಟೆ ಹಕ್ಕಿ ಬರುತ್ತಲ್ಲ, ಆ ಗೋಣಿಮರದ ಹತ್ರ ಮಾತ್ರ ಡಬ್ಬಿ ತರಲ್ಲ ನಾನು.

ನಿನ್ನ,
ರವಿ