ಮುಂದಕ್ಕೆಷ್ಟು, ಹಿಂದಕ್ಕೆಷ್ಟು: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವು ಕ್ಷೇಮ. ಅಮ್ಮನ ಮಂಡಿನೋವು ಹಾಗೇ ಇದೆ, ಬೈಗುಳವೂ ಹಾಗೇ ಇದೆ. ಈ ಸಲ ತೋಟದಲ್ಲಿ ಕಾಯಿ ಕಮ್ಮಿ. ತಿಪಟೂರಿನಲ್ಲಿ ಕೊಬ್ಬರಿಗೆ ರೇಟು ಬಂದಾಗಲೆಲ್ಲ ನಮ್ಮ ಮರದಲ್ಲಿ ಕಾಯಿ ಇರೋದಿಲ್ಲ, ಇದು ಹಳೇ ಕತೆ.

ಮೊನ್ನೆ ಫೋನಿನಲ್ಲಿ "ಅಪ್ಪಾ, ಆಟೋ ಎಡಕ್ಕೆ ಎಳೀತಿದೆ, ಗಾಳಿ ಎಷ್ಟು ಹೊಡೆಸ್ಲಿ?" ಅಂತ ಕೇಳಿದೆ. ನಾನು ಬಾಯಿ ತೆಗೆಯೋಷ್ಟರಲ್ಲಿ ನಿನಗೆ ಬಾಡಿಗೆ ಬಂತು. ಸಂಜೆ ಮತ್ತೆ ಮಾಡಿದರೆ "ಬಂಕಿನಲ್ಲಿ ಮೂರಕ್ಕೂ 30 ಹೊಡೆಸ್ದೆ, ಸರಿಹೋಯ್ತು" ಅಂದೆ. ಸರಿಹೋಗಿಲ್ಲ ಕಣೇ. ಆ "ಮೂರಕ್ಕೂ 30" ಕೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಹ್ಞೂಂ ಹ್ಞೂಂ ಅಂತ ಮರೆತುಬಿಡ್ತೀಯ. ಕಾಗದದಲ್ಲಾದರೆ ಸೀಟಿನ ಕೆಳಗಾದರೂ ಬಿದ್ದಿರುತ್ತೆ. ಕಣ್ಣಿನ ಆಪರೇಷನ್ ಆದಮೇಲೆ ಅಕ್ಷರ ಸೊಟ್ಟ ಬರುತ್ತೆ, ಅನುಸರಿಸಿಕೊಂಡು ಓದು.

ಬಂಕಿನ ಹುಡುಗನದು ತಪ್ಪಲ್ಲ. ಅವನ ಮುಂದೆ ಕಾರು, ಸ್ಕೂಟರು, ಟೆಂಪೊ ಎಲ್ಲ ಸಾಲುಗಟ್ಟಿರುತ್ತೆ. ಮಿಷನ್ನಿಗೆ ಒಂದು ನಂಬರು ಒತ್ತುತ್ತಾನೆ, ಅದು ಕೀಂಯ್ ಅಂದರೆ ಪೈಪು ಕೀಳ್ತಾನೆ. ಗಾಡಿ ನಿನ್ನದು, ನಂಬರು ನೀನು ಹೇಳಬೇಕು.

ಊರ ಜಾತ್ರೇಲಿ ದೇವರ ಅಡ್ಡೆ ಹೊರೋದನ್ನ ನೋಡಿದೀಯಲ್ಲ. ಇಳಿಜಾರಿನಲ್ಲಿ ಮುಂದಿರೋರ ಹೆಗಲು ಬೀಳುತ್ತೆ, ಹಿಂದಿರೋರು ಸುಮ್ಮನೆ ಕೈ ಇಟ್ಟುಕೊಂಡು ಬರ್ತಾರೆ. ನಮ್ಮ ಆಟೋದಲ್ಲಿ ಇದು ತಿರುಗುಮುರುಗು. ಇಂಜಿನ್ನು ಹಿಂದೆ, ಪ್ಯಾಸೆಂಜರು ಹಿಂದೆ, ಅವರ ಬ್ಯಾಗು ಇನ್ನೂ ಹಿಂದೆ. ಮುಂದಿನ ಚಕ್ರದ ಹತ್ತಿರ ಇರೋದು ನೀನೊಬ್ಬಳೇ. ಪೀಣ್ಯದಲ್ಲಿ ಒಂದು ಗುಜರಿ ಅಂಗಡಿಯ ಕಾಟಾ ಮೇಲೆ ನಾವು ಮೂರು ನಾಲ್ಕು ಜನ ಡ್ರೈವರ್‌ಗಳು ಒಮ್ಮೆ ಈ ಆಟ ಆಡಿದ್ವಿ. ಮೊದಲು ಮುಂದಿನ ಚಕ್ರ ಮಾತ್ರ ಕಾಟಾ ಮೇಲೆ ಹತ್ತಿಸಿ ತೂಕ ಬರೆದುಕೊಂಡು, ಆಮೇಲೆ ಮೂರು ಜನ ಹಿಂದೆ ಕೂತರು. ಮುಳ್ಳು ಅಲ್ಲಾಡಿತು ಅನ್ನೋಕಷ್ಟೇ. ಹಿಂದಿನ ಎರಡು ಚಕ್ರ ಹತ್ತಿಸಿದಾಗ ನೋಡಬೇಕಿತ್ತು, ಆ ಮೂರೂ ಜನರ ಭಾರ ಹೆಚ್ಚು ಕಮ್ಮಿ ಪೂರ್ತಿ ಅಲ್ಲೇ ಬಂದು ಕೂತಿತ್ತು. ಅವತ್ತಿನವರೆಗೂ ನನಗೂ ಇದು ಬಾಯಿಮಾತಾಗಿತ್ತು. ಟೈರು ಮೂರೂ ಒಂದೇ ಅಳತೆ, ಮೂರರ ಮೇಲೂ 4.00-8 ಅಂತಲೇ ಬರೆದಿದೆ, ಅಂದರೆ ನಾಲ್ಕು ಇಂಚು ದಪ್ಪ, ಎಂಟು ಇಂಚು ರಿಮ್ಮು. ಅದನ್ನ ನೋಡಿಯೇ ಜನ ಮೋಸ ಹೋಗೋದು. ಟೈರು ಒಂದೇ ಆದ್ರೆ ಹೊರೆ ಒಂದೇ ಆಗಬೇಕಾ?

ಗಾಡಿಯ ಪುಸ್ತಕ ಇನ್ಶೂರೆನ್ಸ್ ಕಾಗದದ ಜೊತೆ ನೀಲಿ ಪ್ಲಾಸ್ಟಿಕ್ ಕವರಿನಲ್ಲಿದೆ, ತೆಗೆದು ನೋಡು. ಮುಂದಿನ ಚಕ್ರಕ್ಕೆ ಒಂದು ಲೆಕ್ಕ, ಹಿಂದಿನವಕ್ಕೆ ಒಂದು ಲೆಕ್ಕ ಬರೆದಿರುತ್ತೆ. ಅದೇ ಮೊದಲ ಮಾತು, ಅಪ್ಪನ ಮಾತು ಆಮೇಲೆ. ಒಂದು ತಕರಾರು ಅಂದರೆ ಪುಸ್ತಕದಲ್ಲಿ ಚದರ ಸೆಂಟಿಮೀಟರಿಗೆ ಇಷ್ಟು ಕೆ.ಜಿ. ಒತ್ತಡ ಅನ್ನೋ ಲೆಕ್ಕ, ಬಂಕಿನಲ್ಲಿ ಚದರ ಇಂಚಿಗೆ ಇಷ್ಟು ಪೌಂಡ್ ಅನ್ನೋ ಲೆಕ್ಕ. ಕೆ.ಜಿ.ಯನ್ನ 14.2ರಿಂದ ಗುಣಿಸಿದರೆ ಪೌಂಡು. 2.1 ಅಂತ ಇದ್ದರೆ 30, 2.4 ಅಂದರೆ 34. ನಾನು ಇಷ್ಟು ವರ್ಷ ಹೊಡೆಸ್ತಿದ್ದದ್ದು ಹಾಗೇ, ಮುಂದಕ್ಕೆ 30, ಹಿಂದಕ್ಕೆ 34. ನೀನು ಹಿಂದಕ್ಕೂ 30 ಹೊಡೆಸಿ ಮೂರು ಜನ ಕೂರಿಸಿಕೊಂಡು ಮೇಲ್ಸೇತುವೆ ಹತ್ತಿಸಿದರೆ ಟೈರಿನ ಪಕ್ಕೆ ಹಿಟ್ಟು ನಾದಿದ ಹಾಗೆ ಮಡಚಿ ಮಡಚಿ ಬಿಸಿಯಾಗುತ್ತೆ, ಗ್ಯಾಸೂ ಜಾಸ್ತಿ ಕುಡಿಯುತ್ತೆ. ಟೈರಿನ ಪಕ್ಕೆಯಲ್ಲಿ ಇಂಗ್ಲಿಷಿನಲ್ಲಿ ಒಂದು ದೊಡ್ಡ ನಂಬರು ಕಾಣುತ್ತೆ, ಅದನ್ನ ನೋಡಿ ಹೊಡೆಸಬೇಡ. ಆ ಟೈರು ಅದಕ್ಕಿಂತ ಹೆಚ್ಚಿಗೆ ತಡೆಯಲ್ಲ ಅಂತ ಅದರ ಅರ್ಥ. ನಿನ್ನ ಗಾಡಿಗೆ ಅಷ್ಟು ಬೇಕು ಅಂತ ಅಲ್ಲ.

ಇನ್ನು ಎಡಕ್ಕೆ ಎಳೆಯೋ ವಿಷಯ. ನನ್ನ ಅಂದಾಜು ಕೇಳು: ಹಿಂದಿನ ಎಡ ಚಕ್ರದಲ್ಲಿ ಗಾಳಿ ಇಳೀತಿದೆ. ನಮ್ಮ ರಸ್ತೆಗಳಲ್ಲಿ ಮೊಳೆ, ಗಾಜಿನ ಚೂರು, ಜಲ್ಲಿ ಎಲ್ಲ ಗುಡಿಸಿಕೊಂಡು ಬಂದು ಸೇರೋದು ಎಡ ಅಂಚಿಗೆ. ನಾವು ಪ್ಯಾಸೆಂಜರ್ ಹತ್ತಿಸೋದಕ್ಕೆ ಗಾಡಿ ಇಳಿಸೋದೂ ಅಲ್ಲಿಗೇ. ಗಾಳಿ ಕಮ್ಮಿ ಇರೋ ಚಕ್ರ ರಸ್ತೆಗೆ ಅಂಟಿಕೊಂಡು ಹಿಂದೆ ಉಳಿಯುತ್ತೆ, ಗಾಡಿ ಆ ಕಡೆಗೆ ತಿರುಗುತ್ತೆ. ಹಿಂದಿನ ಎರಡರಲ್ಲಿ ಒಂದು ಪೌಂಡ್ ಹೆಚ್ಚಾಗಲಿ ಕಮ್ಮಿಯಾಗಲಿ, ಎರಡೂ ಒಂದೇ ಇರಬೇಕು. ಬೇಕಿದ್ದರೆ ಎರಡೂ ತಪ್ಪಾಗಿರಲಿ, ಒಂದೇ ಥರ ತಪ್ಪಾಗಿರಲಿ.

ವಾಲ್ವಿಗೆ ಸ್ವಲ್ಪ ಎಂಜಲು ಹಚ್ಚಿ ನೋಡು. ನಾಚಿಕೆ ಬೇಡ, ಸ್ಟ್ಯಾಂಡಿನಲ್ಲಿ ಯಾರೂ ನಗಲ್ಲ. ಗುಳ್ಳೆ ಬಂದರೆ ವಾಲ್ವಿನ ಪಿನ್ನು ಹೋಗಿದೆ, ಬದಲಾಯಿಸೋದು ಎರಡು ನಿಮಿಷದ ಕೆಲಸ. ಗುಳ್ಳೆ ಬರದೆ ಗಾಳಿ ಇಳಿದರೆ ಟ್ಯೂಬ್ ಬಿಚ್ಚಿಸಿ ನೀರಲ್ಲಿ ಮುಳುಗಿಸಿಯೇ ನೋಡಬೇಕು. ಹಾಗೇ ವಾಲ್ವು ನೆಟ್ಟಗೆ ನಿಂತಿದೆಯಾ ನೋಡು. ಗಾಳಿ ಕಮ್ಮಿಯಾದ ಟೈರು ಬ್ರೇಕ್ ಒತ್ತಿದಾಗೆಲ್ಲ ರಿಮ್ಮಿನ ಮೇಲೆ ಒಂದೊಂದು ನೂಲು ಜಾರುತ್ತೆ, ಟ್ಯೂಬನ್ನೂ ಎಳೆದುಕೊಂಡು ಹೋಗುತ್ತೆ. ವಾಲ್ವು ವಾಲಿಕೊಂಡಿದ್ದರೆ ಅದರ ಬುಡ ಹರಿಯೋ ದಿನ ದೂರ ಇಲ್ಲ. ಇದನ್ನ ನನಗೆ ಕಲಿಸಿದ್ದು ನಮ್ಮ ಸ್ಟ್ಯಾಂಡಿನ ಪಕ್ಕದ ಪಂಕ್ಚರ್ ಅಂಗಡಿಯ ಮಲಯಾಳಿ ಕಾಕ. ಅವರು ಟೈರಿನ ಮುಖ ನೋಡಿಯೇ ಡ್ರೈವರಿನ ಜಾತಕ ಹೇಳೋರು. ನಡು ಸವೆದಿದ್ದರೆ ಗಾಳಿ ಜಾಸ್ತಿ ಹಾಕೋನು, ಎರಡೂ ಅಂಚು ಸವೆದಿದ್ದರೆ ಗಾಳಿ ನೋಡದ ಸೋಮಾರಿ. ನನ್ನ ಟೈರು ನೋಡಿ ಒಂದು ಸಲ "ನಿಮಗೆ ಎರಡೂ ರೋಗ ಇದೆ" ಅಂದಿದ್ರು.

ಗಾಳಿ ನೋಡಬೇಕಾದ್ದು ಬೆಳಿಗ್ಗೆ, ಮೊದಲ ಬಾಡಿಗೆಗೂ ಮುಂಚೆ, ಟೈರು ತಣ್ಣಗಿರುವಾಗ. ಪುಸ್ತಕದಲ್ಲಿ ಬರೆದಿರೋದೂ ತಣ್ಣನೆ ಟೈರಿನ ಲೆಕ್ಕವೇ. ನಾಲ್ಕಾರು ಕಿಲೋಮೀಟರ್ ಓಡಿಸಿದ ಮೇಲೆ ಒಳಗಿನ ಗಾಳಿ ಬಿಸಿಯಾಗಿ ಗೇಜು ಎರಡು ಮೂರು ಪೌಂಡ್ ಮೇಲೆ ತೋರಿಸುತ್ತೆ. ಆಗ "ಜಾಸ್ತಿಯಾಗಿದೆ" ಅಂತ ಪಿನ್ನು ಒತ್ತಿ ಗಾಳಿ ಬಿಟ್ಟರೆ ಮಾರನೇ ಬೆಳಿಗ್ಗೆ ಟೈರು ಮುಖ ಬಾಡಿಸಿಕೊಂಡು ನಿಂತಿರುತ್ತೆ. ಹೊರಗಿನ ಬಿಸಿಲಿಗೂ ಅಷ್ಟೇ, ಐದಾರು ಡಿಗ್ರಿಗೆ ಒಂದು ಪೌಂಡಿನ ಹತ್ತಿರ ಹತ್ತಿರ ವ್ಯತ್ಯಾಸ ಬರುತ್ತೆ. ಬೆಂಗಳೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ತುಂಬಿಸಿದ ಗಾಳಿ ಜನವರಿ ಬೆಳಗಿನ ಚಳಿಗೆ ಸಾಲಲ್ಲ. ಟ್ಯೂಬು ಏನೂ ಆಗದೆಯೂ ತಿಂಗಳಿಗೆ ಒಂದೆರಡು ಪೌಂಡ್ ಬಿಟ್ಟುಕೊಡುತ್ತೆ. ಹಾಗಾಗಿ ವಾರಕ್ಕೊಂದು ಸಲ ನೋಡು. ನೈಟ್ರೋಜನ್ ಹಾಕಿಸಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೈಮುಗಿದು ಬಾ. ನಾವು ಉಸಿರಾಡೋ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ, ಬಂಕಿನಲ್ಲಿ ಅದು ಪುಕ್ಕಟೆ.

ಭಾನುವಾರದ ಪುರವಣಿಯಲ್ಲಿ ಒಮ್ಮೆ ಓದಿದ್ದು ನೆನಪಾಯ್ತು. ಐರ್ಲೆಂಡಿನ ಬೆಲ್‌ಫಾಸ್ಟ್ ಊರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಅಂತ ಒಬ್ಬ ದನದ ಡಾಕ್ಟರಿದ್ದನಂತೆ. ಅವನ ಮಗನಿಗೆ ಮೂರು ಚಕ್ರದ ಸೈಕಲ್ಲು, ಗಟ್ಟಿ ರಬ್ಬರಿನ ಚಕ್ರ, ಕಲ್ಲು ಹಾಸಿನ ರಸ್ತೆಯಲ್ಲಿ ಮೈಯೆಲ್ಲ ಕುಲುಕಾಟ. ಅಪ್ಪ ರಬ್ಬರಿನ ಹಾಳೆ ಸುತ್ತಿ ಕೊಳವೆ ಮಾಡಿ, ಫುಟ್‌ಬಾಲ್ ಪಂಪಿನಲ್ಲಿ ಗಾಳಿ ತುಂಬಿದ. 1888ರಲ್ಲಿ ಪೇಟೆಂಟು ಸಿಕ್ಕಿತು. ಆಮೇಲೆ ನೋಡಿದರೆ ಥಾಮ್ಸನ್ ಅನ್ನೋನು ನಲವತ್ತು ವರ್ಷ ಮುಂಚೆಯೇ ಇದನ್ನ ಕಂಡುಹಿಡಿದಿದ್ದ ಅಂತ ಪೇಟೆಂಟು ಬಿದ್ದುಹೋಯ್ತು, ಅದು ಬೇರೆ ಮಾತು. ಡನ್‌ಲಪ್ಪನ ಗಾಳಿ ಟೈರು ಮೊದಲು ಉರುಳಿದ್ದು ಕಾರಿಗೂ ಅಲ್ಲ, ಬಸ್ಸಿಗೂ ಅಲ್ಲ, ಮಗನ ಮೂರು ಚಕ್ರದ ಗಾಡಿಗೆ. ಸ್ಟ್ಯಾಂಡಿನಲ್ಲಿ ಕಾರಿನವರು ಜೋರು ಮಾಡಿದರೆ ಇದನ್ನ ಹೇಳು.

ಇನ್ನೊಂದು ವಿಷಯ ಇದೆ. ಬರೆಯೋದೋ ಬೇಡವೋ ಅಂತ ಎರಡು ದಿನ ಪೆನ್ನು ಮುಚ್ಚಿಟ್ಟಿದ್ದೆ.

ನಿನ್ನ ಗದ್ದದ ಕೆಳಗೆ ಮೂರು ಹೊಲಿಗೆಯ ಗುರುತಿದೆಯಲ್ಲ. ನೀನು ಮೂರನೇ ಕ್ಲಾಸು, ಶಾಲೆ ಶುರುವಾದ ವಾರ, ಮೊದಲ ಮಳೆ. ಯಶವಂತಪುರದ ಹತ್ತಿರ ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದೆ, ಚಕ್ರ ತಿರುಗಿತು, ಗಾಡಿ ತಿರುಗಲಿಲ್ಲ. ಸೀದಾ ಹೋಗಿ ಡಿವೈಡರಿಗೆ ತಾಗಿತು. ನಿನ್ನ ಗದ್ದ ನನ್ನ ಸೀಟಿನ ಹಿಂದಿನ ಕಂಬಿಗೆ ಬಡೀತು. ರಸ್ತೆ ಮೇಲೆ ಎಣ್ಣೆ ಚೆಲ್ಲಿತ್ತು ಅಂತ ನಿಮ್ಮಮ್ಮನಿಗೆ ಹೇಳಿದೆ, ನಿನಗೂ ಅದನ್ನೇ ಹೇಳಿದೆ. ಅಮ್ಮ ಇವತ್ತಿಗೂ ಆ ಎಣ್ಣೆ ಲಾರಿಯವನಿಗೆ ಶಾಪ ಹಾಕ್ತಾಳೆ. ಎಣ್ಣೆ ಲಾರಿ ಇರಲಿಲ್ಲ ಪುಟ್ಟಿ. ಮೊದಲ ಮಳೆಗೆ ರಸ್ತೆ ಜಾರೋದು ನಿಜ, ಆದರೆ ಅದೇ ತಿರುವಿನಲ್ಲಿ ನನ್ನ ಮುಂದೆ ನಾಲ್ಕು ಆಟೋ ನೆಟ್ಟಗೆ ಹೋದವು. ಅದಕ್ಕೆ ಎರಡು ದಿನ ಮುಂಚೆ ಯಾರೋ "ಗಾಳಿ ಗಟ್ಟಿ ಹೊಡೆಸು, ಮೈಲೇಜ್ ಬರುತ್ತೆ" ಅಂದಿದ್ದರು, ನಾನು ಮೂರಕ್ಕೂ 40 ಹೊಡೆಸಿದ್ದೆ. ಮೊದಲೇ ಹಗುರ ಇರೋ ಮುಂದಿನ ಚಕ್ರ, ಅದನ್ನ ಕಲ್ಲಿನ ಹಾಗೆ ಗಟ್ಟಿ ಮಾಡಿಟ್ಟಿದ್ದೆ. ಆ ಚಕ್ರ ರಸ್ತೆ ಹಿಡಿಯೋದು ನಿನ್ನ ಅಂಗೈಯಷ್ಟು ಜಾಗದಲ್ಲಿ. ಗಾಳಿ ಗಟ್ಟಿಯಾದಷ್ಟೂ ಆ ಅಂಗೈ ಚಿಕ್ಕದಾಗ್ತಾ ಹೋಗುತ್ತೆ. ಉಳಿಸಿದ್ದು ಎಷ್ಟು ಅಂತ ಆಮೇಲೆ ಲೆಕ್ಕ ಹಾಕಿದೆ. ಎರಡು ಟೀ ಕಾಸೂ ಇರಲಿಲ್ಲ.

ಅಮ್ಮನಿಗೆ ಈಗ ಹೇಳಬೇಡ. ನಾನೇ ಹೇಳ್ತೀನಿ, ಹಬ್ಬ ಕಳೀಲಿ.

ನಿನ್ನ ಗಾಡಿಗೆ ಗಾಳಿ ಸರಿಯಾಗಿ ಕೂತಿದೆಯಾ ಅಂತ ತಿಳಿಯೋಕೆ ಒಂದು ಉಪಾಯ ಇದೆ. ನೀನು ಶಾಲೆಯಿಂದ ಕದ್ದು ತರುತ್ತಿದ್ದ ಸೀಮೆಸುಣ್ಣ ಈಗ ಕೆಲಸಕ್ಕೆ ಬರುತ್ತೆ. ಟೈರಿನ ಮೈಮೇಲೆ ಈ ಅಂಚಿನಿಂದ ಆ ಅಂಚಿಗೆ ದಪ್ಪಗೆ ಅಡ್ಡಗೆರೆ ಎಳೆ. ಒಣ ರಸ್ತೆಯಲ್ಲಿ ನೆಟ್ಟಗೆ ಸ್ವಲ್ಪ ದೂರ ಓಡಿಸಿ ಇಳಿದು ನೋಡು. ಗೆರೆ ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ, ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಕಮ್ಮಿ. ಒಂದು ಸಲ ಖಾಲಿ ಗಾಡಿಯಲ್ಲಿ, ಒಂದು ಸಲ ಮೂರು ಜನ ಕೂತಾಗ ಮಾಡು. ಗೆರೆ ನೋಡಿ ಒಂದೆರಡು ಪೌಂಡ್ ಆಚೀಚೆ ಮಾಡಬಹುದು, ಪುಸ್ತಕ ಬಿಟ್ಟು ದೂರ ಹೋಗಬೇಡ. ಮೂರಕ್ಕಿಂತ ಹೆಚ್ಚು ಜನ ಹತ್ತಿಸಿ "ಹಿಂದಕ್ಕೆ ಎರಡು ಪೌಂಡ್ ಜಾಸ್ತಿ ಹಾಕಿದೀನಿ" ಅಂದರೆ ಪೊಲೀಸಿನವರೂ ಒಪ್ಪಲ್ಲ, ಟೈರೂ ಒಪ್ಪಲ್ಲ.

ಮುಂದಿನ ವರ್ಷ ಎಲೆಕ್ಟ್ರಿಕ್ ಆಟೋ ತಗೋತೀನಿ ಅಂತಿದ್ದೆಯಲ್ಲ, ತಗೋ. ಆದರೆ ಈ 30, 34 ಅಲ್ಲಿಗೆ ಹೊತ್ತುಕೊಂಡು ಹೋಗಬೇಡ. ಬ್ಯಾಟರಿ ಭಾರ ಎಲ್ಲಿ ಕೂತಿದೆಯೋ, ಟೈರು ಯಾವ ಅಳತೆಯೋ, ಆ ಗಾಡಿ ಮೇಲೆ ಅಂಟಿಸಿರೋ ಚೀಟಿ ನೋಡು.

ಪಕ್ಕದ ಮನೆ ಹುಡುಗ ಶುಕ್ರವಾರ ಬೆಂಗಳೂರಿಗೆ ಬರ್ತಾನೆ. ಅವನ ಕೈಲಿ ಹತ್ತು ತೆಂಗಿನಕಾಯಿ, ಅಮ್ಮ ಮಾಡಿದ ಹುಣಸೆ ತೊಕ್ಕು, ಜೊತೆಗೆ ನನ್ನ ಹಳೇ ಪೆನ್ಸಿಲ್ ಗೇಜು ಕಳಿಸ್ತಿದೀನಿ. ಬಂಕಿನಿಂದ ಬಂಕಿಗೆ ಮಿಷನ್ನು ಒಂದೊಂದು ಹೇಳುತ್ತೆ. ಗಾಳಿ ಎಲ್ಲಾದರೂ ಹೊಡೆಸು, ಅಳೆಯೋದು ಮಾತ್ರ ಇದೊಂದರಲ್ಲೇ. ಕೆಳಗೆ ಬೀಳಿಸಬೇಡ.

ಇಂತಿ ನಿನ್ನ ಅಪ್ಪ

ತಾ.ಕ.: ಆಯುಧಪೂಜೆಗೆ ಮೂರು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟ ಫೋಟೋ ಕಳಿಸಿದ್ದೆ, ಚೆನ್ನಾಗಿತ್ತು. ಸ್ಟೆಪ್ನಿಗೆ ಗಾಳಿ ಇದೆಯಾ? ನಾನು ನೋಡಿ ಒಂದು ವರ್ಷದ ಮೇಲಾಯ್ತು. ಅದಕ್ಕೆ 34 ಹೊಡೆಸಿಡು. ಮುಂದಕ್ಕೆ ಹಾಕಬೇಕಾಗಿ ಬಂದರೆ ನಾಲ್ಕು ಪೌಂಡ್ ಬಿಡೋದು ಸುಲಭ, ರಾತ್ರಿ ಹನ್ನೊಂದಕ್ಕೆ ನಾಲ್ಕು ಪೌಂಡ್ ಹುಡುಕಿಕೊಂಡು ಹೋಗೋದು ಕಷ್ಟ.